ರೊಕ್ಕಾಶೊದಲ್ಲಿ ಜರಡಿ

ಎಣ್ಣೆ ಹರಿವ ಸಣ್ಣ ನಳಿಗೆಯೊಳಗೆ
ಬಿಳಿ ರಾಡಿ ತೊಟ್ಟು ತೊಟ್ಟಾಗಿ ಕಳಚುತ್ತದೆ.
ಗುಂಡಗಾಗುವುದನ್ನು ತೊಟ್ಟಿಗೆ ಯಾರೂ ಕಲಿಸಬೇಕಿಲ್ಲ,
ಅದರ ಪಾಡಿಗೆ ಬಿಟ್ಟರೆ ಸಾಕು.
ಆಮೇಲೆ ಒಣಗಿಸುವುದು, ಸುಡುವುದು.
ಆಮೇಲೆ ನಾನು.

ನನ್ನ ಕೆಲಸ ಜರಡಿ.
ಲಿಥಿಯಂ ಟೈಟನೇಟಿನ ಕಾಳು,
ಸಾಸಿವೆಗಿಂತ ಚೂರು ಸಣ್ಣದು.
ಮೊಟ್ಟೆಯಾಕಾರದವು ಆಚೆ,
ಅವಳಿ ಅಂಟಿದವು ಆಚೆ, ಬಿರುಕು ಬಿಟ್ಟವು ಆಚೆ.
ಉಳಿದವು ಓರೆ ತಟ್ಟೆಯ ಮೇಲೆ ಸರಸರ ಉರುಳಿ
ಡಬ್ಬಿ ಸೇರುತ್ತವೆ.

ಅಮ್ಮ ತೊಮಾರಿ ಬಂದರಿನ ಶೆಡ್ಡಿನಲ್ಲಿ
ಸಾಲ್ಮನ್ ಮೀನಿನ ಹೊಟ್ಟೆ ಸೀಳಿ
ತತ್ತಿಗೊಂಚಲನ್ನು ತಂತಿಬಲೆಯ ಮೇಲೆ ಉಜ್ಜುತ್ತಿದ್ದಳು,
ಒಂದೂ ಒಡೆಯದ ಹಾಗೆ.
ಕೈ ಕೆಂಪು, ಮೂಗು ಕೆಂಪು.
"ಒಡೆದರೆ ಒಂದು ಮೀನು ಹೋಯಿತು" ಅನ್ನುವಳು,
ಅದರಲ್ಲಿ ಯಾವುದೂ ಮೀನಾಗುವುದಿಲ್ಲವೆಂದು ಗೊತ್ತಿದ್ದೂ.

ನಮ್ಮ ಮನೆತನದ ಹೆಸರು ತಾನೆಇಚಿ.
ಬರೆದರೆ ಎರಡೇ ಅಕ್ಷರ: ಬೀಜ, ಸಂತೆ.
ಆ ಸಂತೆ ಎಲ್ಲಿ ನೆರೆಯುತ್ತಿತ್ತೋ, ಯಾರು ಏನು ಕೊಂಡರೋ,
ಅಜ್ಜನಿಗೂ ತಿಳಿದಿರಲಿಲ್ಲ.

ನಾನು ಸೇರಿದ ಮೊದಲ ವಾರ
ಸಸಮೊರಿಯವರು ಹಲಗೆಯ ಮೇಲೆ ಬರೆದು ತೋರಿಸಿದರು.
ಒಲೆ ಉರಿಯಲು ಟ್ರಿಟಿಯಂ ಬೇಕು.
ಅಗೆದರೆ ಸಿಗುವಂಥದಲ್ಲ, ಕೂಡಿಟ್ಟರೆ ಉಳಿಯುವಂಥದಲ್ಲ,
ಹನ್ನೆರಡು ವರ್ಷ ಚಿಲ್ಲರೆಗೆ ಅರ್ಧ ಕರಗಿಹೋಗುತ್ತದೆ.
ಒಂದು ಉರಿದರೆ ಹಾರುವುದು ಒಂದೇ ನ್ಯೂಟ್ರಾನ್.
ಗೋಡೆಯೊಳಗೆ ಕಾದು ಕೂತ ನಮ್ಮ ಕಾಳಿಗೆ ಅದು ತಾಗಬೇಕು,
ಲಿಥಿಯಂ ಒಡೆಯಬೇಕು,
ಒಡೆದದ್ದರಲ್ಲಿ ಇನ್ನೊಂದು ಟ್ರಿಟಿಯಂ ಹುಟ್ಟಬೇಕು.
ಒಂದಕ್ಕೆ ಒಂದು ಸಾಲದು.
ಉಕ್ಕಿಗೆ ಬಡಿದು ಸತ್ತದ್ದುಂಟು, ಕೊಳವೆಯಲ್ಲಿ ಕಚ್ಚಿಕೊಂಡದ್ದುಂಟು.
ಅದಕ್ಕೇ ಪಕ್ಕದಲ್ಲಿ ಬೆರಿಲಿಯಂ,
ಬಂದ ಒಂದನ್ನು ಎರಡು ಮಾಡಿ ಕಳಿಸಲು.
"ನೂರು ಸುಟ್ಟರೆ ನೂರಹತ್ತು" ಎಂದು
ಅಡಿಗೆರೆ ಎಳೆದು ಚಹಾಕ್ಕೆ ಹೋದರು.

ನನಗೆ ತಿಳಿದದ್ದು ಇಷ್ಟೇ: ಹೆಪ್ಪು.
ಇವತ್ತೇ ಬಳಿದು ಬಡಿಸಿದರೆ ನಾಳೆಗಿಲ್ಲ.
ಅತ್ತೆ ಕೊಟ್ಟ ತೌಡಿನ ಮಡಕೆ ನಮ್ಮ ಮನೆಯಲ್ಲಿದೆ,
ಅವರ ಅತ್ತೆ ಅವರಿಗೆ ಕೊಟ್ಟದ್ದು.
ಉಪ್ಪಿನಕಾಯಿಗೆ ಸೌತೆ ಹೂತು, ತೆಗೆದು,
ಸವೆದಷ್ಟು ತೌಡು ಸೇರಿಸಿ, ದಿನಾ ಕೈಯಾಡಿಸಿ
ಎಪ್ಪತ್ತು ವರ್ಷ ಹುಳಿ ಸಾಯದ ಹಾಗೆ ಸಾಕಿದ್ದು.

ಜೂನಿನಲ್ಲಿ ಯಾಮಾಸೆ ಬೀಸಿತು,
ಕಡಲ ಮೇಲಿಂದ ಥಂಡಿ ಮಂಜು ಹೊತ್ತು ತರುವ ಗಾಳಿ,
ಹಿಂದಿನವರ ಕಾಲದಲ್ಲಿ ಭತ್ತವನ್ನು ಜೊಳ್ಳು ಮಾಡಿ
ಊರಿಗೆ ಊರನ್ನೇ ಗುಳೆ ಎಬ್ಬಿಸಿದ್ದು.
ಆ ರಾತ್ರಿ ನಾನು ಒಂದು ಮುಚ್ಚಳ ಬಿಗಿಯಲಿಲ್ಲ.
ಬೆಳಿಗ್ಗೆ ಕಾಳು ತೇವ ಕುಡಿದು
ಒಂದಕ್ಕೊಂದು ಅಂಟಿ ಕೂತಿತ್ತು. ನಾಲ್ಕು ತಿಂಗಳ ಕೆಲಸ.
ಸಸಮೊರಿಯವರು ಬೈಯಲಿಲ್ಲ.
ದಾಖಲೆಯಲ್ಲಿ ತಾರೀಕು ಬರೆದರು,
"ಗಾಳಿ: ಈಶಾನ್ಯ" ಎಂದು ಬರೆದರು,
ನನ್ನ ಹೆಸರು ಬರೆಯಲಿಲ್ಲ.
ಬೈದಿದ್ದರೆ ಊಟವಾದರೂ ಇಳಿಯುತ್ತಿತ್ತು.

ಮುಂದಿನ ಸಲದ ಕಾಳು ತೋಕಾಯಿಗೆ ಹೋಯಿತು.
ಅಲ್ಲಿ ನ್ಯೂಟ್ರಾನಿನ ಮಳೆಗೆ ಒಡ್ಡಿ,
ಬಿಸಿಮಾಡಿ, ಹೀಲಿಯಂ ಹಾಯಿಸಿ ಗುಡಿಸಿ,
ಹೊರಬಂದ ಟ್ರಿಟಿಯಮನ್ನು ಎಣಿಸಿದರು.
ತೂಕಕ್ಕೆ ಸಿಗದಷ್ಟು. ಆದರೂ ಇತ್ತು.
ಯಾರೂ ಚಪ್ಪಾಳೆ ತಟ್ಟಲಿಲ್ಲ.
ಕ್ಯಾಂಟೀನಿನಲ್ಲಿ ಅವತ್ತು ಕಣವೆ ಮೀನು.

ಮಗಳು ಮಿಯೊರಿಗೆ ಈಗ ಹನ್ನೆರಡು.
ಜರಡಿ ಒಲ್ಲದ ಒಂದು ಕಾಳು
ನನ್ನ ಅಂಗಿಯ ಮಡಿಕೆಯಲ್ಲಿ ಮನೆಗೆ ಬಂದಿತ್ತು.
ಹಲ್ಲಿನ ನಡುವೆ ಇಟ್ಟು ಕಚ್ಚಲು ಹೋದಳು, ಕಿತ್ತುಕೊಂಡೆ.
"ಇದರಿಂದ ಏನು ಹುಟ್ಟುತ್ತೆ?"
ಇದರಿಂದ ಏನೂ ಇಲ್ಲ, ಇದು ಬಿರುಕು ಬಿಟ್ಟದ್ದು, ಅಂದೆ.
"ಮತ್ತೆ ಒಳ್ಳೆಯದರಿಂದ?"
ಅದರ ಒಲೆಯನ್ನು ಇನ್ನೂ ಕಟ್ಟಿಲ್ಲ.
"ಯಾವಾಗ ಕಟ್ತಾರೆ?"
ನೀನು ನನ್ನಷ್ಟಾದಾಗ ಕೇಳು, ಅನ್ನಲು ಬಾಯಿ ತೆರೆದೆ.
ಆಗ ಯಾರನ್ನು ಕೇಳುತ್ತಾಳೆ?

ಅವಳು ಕಾಯಲಿಲ್ಲ. ಕಾಳನ್ನು ಪೆನ್ಸಿಲ್ ಡಬ್ಬಿಯಲ್ಲಿ,
ರಬ್ಬರಿನ ಪುಡಿಯ ನಡುವೆ ಹಾಕಿ
ಮುಚ್ಚಳ ಬಿಗಿದಳು.